ಹೊಗೆಮನೆಯ ನೀಲಿ

ನನಗೆ ಬೇಕಾಗಿದ್ದದ್ದು ನಡುಹಗಲಿನಲ್ಲೂ ಕತ್ತಲಾಗಿರುವ ಒಂದು ಕೋಣೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಕೊಟ್ಟಿದ್ದ ಕೋಣೆಯ ಕಿಟಕಿಗಳಿಗೆ ಎರಡೆರಡು ಪದರ ಕಪ್ಪು ಬಟ್ಟೆ ಹೊಡೆದು ನೋಡಿದ್ದೆ. ಆದರೂ ಬಾಗಿಲಿನ ಅಡಿಯಿಂದಲೋ ಫ್ಯಾನಿನ ತೂತಿನಿಂದಲೋ ಬೆಳಕು ನುಸುಳುತ್ತಿತ್ತು. ಗೋಡೆಯ ಹಲ್ಲಿಗೆ ಕತ್ತಲಲ್ಲಿ ಬಣ್ಣ ಕಾಣುತ್ತದೆಯೇ ಎಂದು ಪರೀಕ್ಷಿಸುವವಳಿಗೆ ಅಷ್ಟು ಬೆಳಕೂ ಹೆಚ್ಚು. ವಿಚಾರಿಸುತ್ತ ಹೋದಾಗ ಸುಳ್ಯದ ಹೊರಗೆ, ರಬ್ಬರ್ ತೋಟವೊಂದರ ಮೂಲೆಯಲ್ಲಿ, ಹಳೆಯ ಹೊಗೆಮನೆ ಇದೆಯೆಂದು ತಿಳಿಯಿತು. ಹಿಂದೆ ರಬ್ಬರ್ ಶೀಟುಗಳನ್ನು ಕೋಲಿಗೆ ನೇತುಹಾಕಿ, ಕೆಳಗೆ ಬೆಂಕಿ ಹಾಕಿ, ಹೊಗೆಯಲ್ಲಿ ಒಣಗಿಸುತ್ತಿದ್ದ ಕಟ್ಟಡ. ಕಿಟಕಿ ಇಲ್ಲ, ಗೋಡೆಯ ತುಂಬ ವರ್ಷಗಳ ಮಸಿ. ಕರಿ ಬಣ್ಣ ಬಳಿಸಿದರೂ ಅಷ್ಟು ಚೆನ್ನಾಗಿ ಬೆಳಕನ್ನು ನುಂಗುವ ಗೋಡೆ ಸಿಗಲಾರದು.

"ಶೀಟು ಮಾಡುದು ನಾವು ಬಿಟ್ಟೆವು ಮೇಡಂ. ಈಗ ರಬ್ಬರ್ ಹಾಲನ್ನೇ ಕೊಡುದು," ಎಂದರು ತೋಟದ ಯಜಮಾನರು. "ಸ್ಮೋಕ್‌ಹೌಸ್ ಖಾಲಿ ಉಂಟು. ಆದ್ರೆ ನಿಮಗೆ ಎಂತಕ್ಕೆ?"

"ಹಲ್ಲಿ ಸಾಕಲಿಕ್ಕೆ."

ಅವರು ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಹಲ್ಲಿ ಎಲ್ಲರ ಮನೆಯಲ್ಲಿಯೂ ಉಂಟಲ್ಲ ಮಾರಾಯ್ರೆ. ಅದನ್ನು ಸಾಕುದಾ?"

ಹಾಗೆ ಆ ಮಳೆಗಾಲ ಮುಗಿಯುತ್ತಿದ್ದಂತೆ ನಾನು ಅಲ್ಲಿಗೆ ಬಂದೆ. ಜೊತೆಯಲ್ಲಿ ಕೆಲಸ ಮಾಡಬೇಕಿದ್ದ ಗೆಳತಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು, ಅವಳು ಬರಲಿಲ್ಲ. ಯಜಮಾನರ ಮನೆಯ ಹಿಂಬದಿಯ ಕೋಣೆ ನನ್ನ ವಾಸಕ್ಕೆ, ಹೊಗೆಮನೆ ಕೆಲಸಕ್ಕೆ. ಫೋನಿನ ಸಿಗ್ನಲ್ ಸಿಗುತ್ತಿದ್ದದ್ದು ತೋಟದ ಗೇಟಿನ ಹತ್ತಿರ ಮಾತ್ರ. ಅಲ್ಲಿಗೆ ಹೋಗಿ ನಿಂತರೆ ನನ್ನ ಸಂಶೋಧನೆಯ ಮಾರ್ಗದರ್ಶಕರ ಜೊತೆ ಮಾತಾಡಬಹುದು. ಅವರು ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ಹಲ್ಲಿಗಳು ತಿಂದವಾ?"

ತಿಂದಿರಲಿಲ್ಲ. ನನ್ನ ಮೊದಲ ಸೋಲು ಅದೇ.

ಕೆಲಸದ ಕ್ರಮ ಹೇಳುತ್ತೇನೆ. ಊರಿನ ಗೋಡೆಗಳಿಂದ ಹಿಡಿದು ತಂದ ಹಲ್ಲಿಗಳು ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿ ಒಂದೊಂದು. ಚಾವಣಿಯಲ್ಲಿ ಒಂದು ಸಣ್ಣ ದೀಪ. ಅದಕ್ಕೆ ಪದರಪದರವಾಗಿ ಕಾಗದ ಸುತ್ತಿ, ಮಾಪಕ ಹಿಡಿದು, ತೆಳು ಬೆಳದಿಂಗಳಿನ ಮಟ್ಟಕ್ಕೆ ಇಳಿಸಿದ್ದೆ. ಎರಡು ಚಿಮಟಗಳ ತುದಿಗೆ ಎರಡು ಮಿಡತೆ. ಒಂದರ ಹಿಂದೆ ನೀಲಿ ಕಾರ್ಡು, ಇನ್ನೊಂದರ ಹಿಂದೆ ಬೂದು ಕಾರ್ಡು. ನೀಲಿಯ ಮುಂದಿನ ಮಿಡತೆ ಒಳ್ಳೆಯದು, ಬೂದಿನ ಮುಂದಿನದನ್ನು ಉಪ್ಪುನೀರಿನಲ್ಲಿ ಅದ್ದಿರುತ್ತಿದ್ದೆ. ಉಪ್ಪಿನ ಮಿಡತೆಯನ್ನು ಹಲ್ಲಿ ಬಾಯಿಗೆ ಹಾಕಿ ಉಗುಳುತ್ತದೆ. ಹೀಗೆ ಉಗುಳುತ್ತ ಉಗುಳುತ್ತ, ಬಣ್ಣ ಕಾಣುವುದಾದರೆ, ಅದು ನೀಲಿಯತ್ತ ತಿರುಗಲು ಕಲಿಯಬೇಕು. ಆ ಬೆಳಕಿನಲ್ಲಿ ನನಗೆ ನೀಲಿಯೂ ಬೂದೂ ಒಂದೇ. ಯಾವುದು ಯಾವುದೆಂದು ತಿಳಿಯಲು ಕಾರ್ಡಿನ ಹಿಂಬದಿಯ ಕಚ್ಚನ್ನು ಬೆರಳಿನಲ್ಲಿ ಸವರಿ ನೋಡಬೇಕಿತ್ತು.

ಈ ಕಷ್ಟವೆಲ್ಲ ಯಾಕೆಂದರೆ ಹಲ್ಲಿಯ ಕಣ್ಣಿನ ಹಿಂದೆ ದೊಡ್ಡ ಚರಿತ್ರೆ ಇದೆ. ಬೆನ್ನೆಲುಬಿನ ಪ್ರಾಣಿಗಳ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಶಂಕುಕೋಶ ಹಗಲಿಗೆ ಮತ್ತು ಬಣ್ಣಕ್ಕೆ, ಕೋಲುಕೋಶ ಕತ್ತಲಿಗೆ. ಒಂದೊಂದರಲ್ಲೂ ಬೆಳಕು ಹೀರುವ ಅದರದ್ದೇ ಬಣ್ಣಕವಿದೆ. ಹಲ್ಲಿಯ ಪೂರ್ವಜರು ಬಿಸಿಲಿನಲ್ಲಿ ಓಡಾಡಿಕೊಂಡಿದ್ದ ಪ್ರಾಣಿಗಳು. ಹಗಲಿಗೇ ಅಂಟಿಕೊಂಡು ಕತ್ತಲಿನ ಕೋಲುಕೋಶದ ಬಣ್ಣಕವನ್ನು ಕಳೆದುಕೊಂಡುಬಿಟ್ಟವು. ಆಮೇಲೆ ಯಾವುದೋ ಕಾಲದಲ್ಲಿ ಮತ್ತೆ ರಾತ್ರಿಗೆ ಇಳಿದವು. ಕಳೆದುಕೊಂಡದ್ದು ಮರಳಿ ಬರಲಿಲ್ಲ. ಇದ್ದ ಶಂಕುಕೋಶಗಳನ್ನೇ ಉದ್ದ ಮಾಡಿ, ದಪ್ಪ ಮಾಡಿ, ಕತ್ತಲಿಗೆ ಒಗ್ಗಿಸಿಕೊಂಡವು. ಹಾಗಾಗಿ ನಮಗೆ ಎಲ್ಲವೂ ಬೂದುಬಣ್ಣವಾಗುವ ಬೆಳಕಿನಲ್ಲಿ ಹಲ್ಲಿಗೆ ಬಣ್ಣ ಕಾಣಬೇಕು. ಬೇರೆ ಕಡೆಯ ಹಲ್ಲಿಗಳಲ್ಲಿ ಇದು ಕಂಡ ವಿಷಯವೇ. ನಮ್ಮ ಗೋಡೆಯ ಹಲ್ಲಿಗೂ ಕಾಣುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಹೊಗೆಯ ವಾಸನೆಗೋ ಏನೋ, ಹಲ್ಲಿಗಳು ಗಾಜಿಗೆ ಹೊಟ್ಟೆ ಅಂಟಿಸಿಕೊಂಡು ಸುಮ್ಮನೆ ಕೂರುತ್ತಿದ್ದವು. ಒಂದು ಬಾಲ ಬಿಟ್ಟಿತು, ಒಂದು ಸತ್ತಿತು. ನೆಲ ತೊಳೆದೆ, ಪೆಟ್ಟಿಗೆಗಳಿಗೆ ಅವು ಹತ್ತುತ್ತಿದ್ದ ಗೋಡೆಗಳ ಸುಣ್ಣದ ಚಕ್ಕೆಗಳನ್ನೇ ತಂದು ಹಾಕಿದೆ. ದಿನವಿಡೀ ಕತ್ತಲಲ್ಲಿ ಚಿಮಟ ಹಿಡಿದು ಕೂತು, ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮಾತಾಡದೆ ಕೂತು ಕೂತು ನನ್ನ ಧ್ವನಿಯೇ ನನಗೆ ಹೊಸದಾಗಿ ಕೇಳಿಸುತ್ತಿದ್ದ ದಿನಗಳು ಅವು. ಕೊನೆಗೆ ಒಂದು ಹಲ್ಲಿ ಮಿಡತೆಯನ್ನು ನುಂಗಿದಾಗ ಗೇಟಿನವರೆಗೆ ಓಡಿಹೋಗಿ ಫೋನು ಮಾಡಿದೆ. ಮಾರ್ಗದರ್ಶಕರು ಎತ್ತಲಿಲ್ಲ. ಬೇರೆ ಯಾರಿಗೆ ಹೇಳುವುದೆಂದು ತೋಚದೆ ಹಿಂದಿರುಗಿದೆ.

ಯಜಮಾನರ ಮನೆಯಲ್ಲಿ ಇನ್ನೊಬ್ಬರು ಇರುವುದು ನನಗೆ ತಡವಾಗಿ ತಿಳಿಯಿತು. ಸೂರ್ಯ ಮುಳುಗಿದ ಮೇಲೆ ಅಂಗಳ ಗುಡಿಸುವ, ಕೊಟ್ಟಿಗೆಗೆ ಹೋಗಿಬರುವ ಒಬ್ಬ ಹೆಂಗಸು. ಯಜಮಾನರ ತಂಗಿ, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಾನು ಅಕ್ಕ ಎಂದು ಕರೆದೆ. ಅವರು ನನ್ನನ್ನು ಟೀಚರ್ ಎಂದರು. ನಾನು ಟೀಚರ್ ಅಲ್ಲವೆಂದರೂ ಬದಲಾಯಿಸಲಿಲ್ಲ. ಹಗಲು ಅವರು ಕದ ಹಾಕಿದ ಕೋಣೆಯಲ್ಲಿ ಇರುತ್ತಿದ್ದರು. "ಅವಳಿಗೆ ಹಗಲು ಆಗುದಿಲ್ಲ," ಎಂದಿದ್ದರು ಅತ್ತಿಗೆ. ಅಕ್ಕ ಹಾಗೆ ಕರೆಯುತ್ತಿದ್ದರೆಂದು ಯಜಮಾನರ ಹೆಂಡತಿಯನ್ನು ನಾನೂ ಅತ್ತಿಗೆ ಎಂದೇ ಕರೆಯುತ್ತಿದ್ದೆ. ಕಾಯಿಲೆ ಎಂದುಕೊಂಡು ನಾನು ಹೆಚ್ಚು ಕೇಳಲಿಲ್ಲ.

ಒಂದು ಮಧ್ಯಾಹ್ನ ಹೊಗೆಮನೆಯ ಬಾಗಿಲಿನ ಕಪ್ಪು ಪರದೆ ಅಲುಗಿತು.

"ಒಳಗೆ ಬರಬಹುದಾ ಟೀಚರ್? ಬಾಗಿಲು ನಾನೇ ಹಾಕ್ತೇನೆ. ಮನೆಗೆ ನೆಂಟರು ಬಂದಿದ್ದಾರೆ, ನನ್ನ ಕೋಣೆಯಲ್ಲಿ ಮಕ್ಕಳು ಕಿಟಕಿ ತೆರೆದು ಆಡ್ತಾ ಇದ್ದಾರೆ."

ಬಂದವರು ಮೂಲೆಯಲ್ಲಿ ಮಣೆ ಹಾಕಿ ಕೂತರು. ಅಂಗಳದಾಚೆ ಬಿಸಿಲಿನಲ್ಲಿ ಬರುವಾಗ ಅವರ ಕಣ್ಣು ಪೂರ್ತಿ ಮುಚ್ಚಿದ್ದಿರಬೇಕು, ಒಂದು ಕೈ ಗೋಡೆ ಹಿಡಿದೇ ಬಂದಿತ್ತು. ಒಳಗೆ ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಎರಡೂ ಕಣ್ಣು ಅಗಲವಾಗಿ ತೆರೆದಿವೆ. "ಇಲ್ಲಿ ಒಳ್ಳೆದುಂಟು," ಎಂದರು. ಮರುದಿನ ನೆಂಟರಿರಲಿಲ್ಲ, ಆದರೂ ಬಂದರು. ಆಮೇಲೆ ದಿನವೂ.

ಅವರು ಹೆಚ್ಚು ಮಾತಾಡುವವರಲ್ಲ. ನಾನು ಚಿಮಟ ಒಡ್ಡುವಾಗ ಮುಂದಿನ ಮಿಡತೆಯನ್ನು ಸಿದ್ಧಮಾಡಿ ಕೊಡುತ್ತಿದ್ದರು. ಆಗಾಗ, "ಇವತ್ತು ಆ ಬಾಲ ಇಲ್ಲದ್ದು ಕೋಪದಲ್ಲಿ ಉಂಟು" ಎನ್ನುತ್ತಿದ್ದರು. ಅಷ್ಟೇ ಸಾಕಿತ್ತು. ಬೆಳಿಗ್ಗೆ ಎದ್ದರೆ ಹೊಗೆಮನೆಗೆ ಹೋಗಬೇಕು ಅನ್ನಿಸಲು ಶುರುವಾದದ್ದು ಆಗಿನಿಂದ.

ಒಂದು ದಿನ ಮುಚ್ಚಳ ಸರಿಯಾಗಿ ಕೂರದೆ ಹಲ್ಲಿಯೊಂದು ಪೆಟ್ಟಿಗೆಯಿಂದ ಹಾರಿತು. ಕತ್ತಲಿನ ಪ್ರಯೋಗದಲ್ಲಿ ನಾವು ಬಿಳಿ ಟಾರ್ಚು ಹಾಕುವುದಿಲ್ಲ. ಹಾಕಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಟ್ಟು, ಮತ್ತೆ ಮೊದಲಿನಿಂದ ಕಾಯಬೇಕು. ಅದಕ್ಕೆ ಟಾರ್ಚಿನ ಗಾಜಿಗೆ ಕಡುಗೆಂಪು ಹಾಳೆ ಕಟ್ಟಿರುತ್ತೇವೆ. ನಮ್ಮ ಕೋಲುಕೋಶಕ್ಕೂ ಹಲ್ಲಿಯ ಕಣ್ಣಿಗೂ ಆ ಕೆಂಪು ತಾಗುವುದಿಲ್ಲ. ನಾನು ಟಾರ್ಚು ಹಾಕಿ ನೆಲದ ಮೇಲೆ ಹಿಡಿದೆ.

"ಅಕ್ಕ, ಬೆಳಕು ಬಿದ್ದಲ್ಲಿ ನೋಡಿ, ಅಲ್ಲೇ ಹೋಯಿತು."

"ಎಲ್ಲಿ ಬೆಳಕು?" ಎಂದರು. "ನೀವು ಟಾರ್ಚ್ ಹಾಕ್ಲೇ ಇಲ್ಲ."

ನಾನು ಟಾರ್ಚನ್ನು ಅವರ ಪಾದದ ಮೇಲೆ ಹಿಡಿದೆ. ಆ ಪಾದ ನನಗೆ ಕೆಂಪಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಬಗ್ಗಿ ನೋಡಿ, "ಮಸುಕಾಗಿ ಎಂತದೋ ಉಂಟಾ ಅಂತ," ಎಂದರು. ಅಷ್ಟರಲ್ಲಿ ದೀಪದ ಆ ತೆಳು ಬೆಳಕಿನಲ್ಲೇ ಗೋಡೆಯ ಬುಡದಲ್ಲಿದ್ದ ಹಲ್ಲಿಯನ್ನು ಕಂಡು, ಕೈ ಚಾಚಿ ಮುಚ್ಚಿ ಹಿಡಿದರು.

ನಾನು ಟಾರ್ಚು ಆರಿಸಿದೆ. ಪುಸ್ತಕದಲ್ಲಿ ಓದಿದ್ದೆ, ಎದುರಿಗೆ ಕಂಡಿರಲಿಲ್ಲ. ಹುಟ್ಟಿನಿಂದಲೇ ಶಂಕುಕೋಶಗಳು ಕೆಲಸ ಮಾಡದ ಕಣ್ಣು. ಕತ್ತಲಿಗಾಗಿ ಇರುವ ಕೋಲುಕೋಶದಿಂದಲೇ ಹಗಲನ್ನೂ ನೋಡಬೇಕು. ಬಿಸಿಲು ಬಿದ್ದರೆ ಆ ಕೋಶಗಳು ತುಂಬಿ ತುಳುಕಿ, ಜಗತ್ತೆಲ್ಲ ಬಿಳಿಯಾಗಿಬಿಡುತ್ತದೆ.

"ಅಕ್ಕ, ನಿಮಗೆ ಬಣ್ಣ ಕಾಣ್ತದಾ?"

ಅವರು ಹಲ್ಲಿಯನ್ನು ಪೆಟ್ಟಿಗೆಗೆ ಬಿಟ್ಟರು. "ದಾಸವಾಳ ಕೆಂಪು, ಬಾಳೆಹಣ್ಣು ಹಳದಿ, ಎಲ್ಲ ಬಾಯಿಪಾಠ ಉಂಟು ನನಗೆ. ಸೀರೆಯದ್ದು ಅತ್ತಿಗೆ ಹೇಳ್ತಾರೆ. ಕಾಣುದಾ ಅಂದ್ರೆ ಎಂತ ಹೇಳುದು? ಕೆಂಪು ಅಂದ್ರೆ ಕಪ್ಪಿನ ಹಾಗೆ. ನಿಮಗೆ ಹೇಗೆ ಕಾಣ್ತದೆ ಅಂತ ನನಗೆ ಗೊತ್ತಿಲ್ಲ ಅಲ್ವಾ."

"ಇಲ್ಲಿ, ಈ ಬೆಳಕಿನಲ್ಲಿ, ನನಗೂ ಬಣ್ಣ ಕಾಣುವುದಿಲ್ಲ ಅಕ್ಕ."

"ಹೌದಾ?" ಅವರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಈಗ ನೀವೂ ನನ್ನ ಹಾಗೆಯೇ?"

"ಹಾಗೆಯೇ. ಹಲ್ಲಿಗೆ ಮಾತ್ರ ಕಾಣ್ತದೋ ಏನೋ."

ಅವರು ಸಣ್ಣಗೆ ನಕ್ಕರು. ಆವತ್ತು ಅವರು ಶಾಲೆಯ ದಿನಗಳನ್ನು ಹೇಳಿದರು. ಹಲಗೆಯ ಮೇಲಿನದ್ದು ಕಾಣದೆ, ಅಂಗಳದಲ್ಲಿ ಕಣ್ಣು ತೆರೆಯಲಾಗದೆ ಬಿದ್ದದ್ದು. ಮೇಷ್ಟ್ರು ದಡ್ಡಿ ಎಂದದ್ದು. ತರಗತಿಯನ್ನೆಲ್ಲ ಕೊಯಿಲದ ಸರಕಾರಿ ಜಾನುವಾರು ಕ್ಷೇತ್ರ ನೋಡಲು ಬಸ್ಸಿನಲ್ಲಿ ಕರೆದುಕೊಂಡು ಹೋದಾಗ ಇವರೊಬ್ಬರನ್ನು ಬಿಟ್ಟು ಹೋದದ್ದು. "ಹೋರಿಗಳು ಆನೆಯಷ್ಟು ದೊಡ್ಡ ಇದ್ದವಂತೆ. ಒಂದು ವಾರ ಮಕ್ಕಳು ಅದನ್ನೇ ಹೇಳಿದ್ದು." ಅದಾದ ಮೇಲೆ ಶಾಲೆ ಬಿಟ್ಟರಂತೆ.

ಆ ಕೆಂಪು ಹಾಳೆ ಹಗಲಿನಲ್ಲಿ ಅವರ ಕಣ್ಣಿಗೆ ನೆರವಾಗಬಹುದೆಂದು ನನಗೆ ಆಗಲೇ ಹೊಳೆದಿತ್ತು, ಆದರೆ ಹೇಳಲಿಲ್ಲ. ನಾನು ಡಾಕ್ಟರಲ್ಲ. ಓದಿದ್ದನ್ನು ನಂಬಿಕೊಂಡು ನಲವತ್ತು ದಾಟಿದವರಿಗೆ ಆಸೆ ಹುಟ್ಟಿಸುವುದು ಹೇಗೆ? ಜೊತೆಗೆ ಆ ಹೊತ್ತಿಗೆ ಕೆಲಸವೂ ಏರುಮುಖವಾಗಿತ್ತು. ಹಲ್ಲಿಗಳು ಬೂದನ್ನು ಬಿಟ್ಟು ನೀಲಿಯತ್ತ ತಿರುಗತೊಡಗಿದ್ದವು. ಬಾಲವಿಲ್ಲದ್ದಂತೂ ನೀಲಿ ಕಾರ್ಡು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮಾರ್ಗದರ್ಶಕರು ಫೋನಿನಲ್ಲಿ ಮೊದಲ ಬಾರಿಗೆ "ಭೇಷ್" ಎಂದರು.

ಆ ಸಂತೋಷ ನಿಲ್ಲಲಿಲ್ಲ. ಇಂಥ ಪ್ರಯೋಗದಲ್ಲಿ ಮುಖ್ಯ ಅಪಾಯ ಹೊಳಪು. ನೀಲಿ ಕಾರ್ಡು ಬೂದಿಗಿಂತ ಸ್ವಲ್ಪ ಬೆಳ್ಳಗೆ ಕಂಡರೂ ಸಾಕು, ಹಲ್ಲಿ ಬಣ್ಣ ಬಿಟ್ಟು ಹೊಳಪನ್ನೇ ಕಲಿತಿರಬಹುದು. ಅದಕ್ಕೇ ಬೇರೆ ಬೇರೆ ಗಾಢತೆಯ ಬೂದು ಕಾರ್ಡುಗಳನ್ನು ಮಾಡಿಸಿದ್ದೆ. ಕೆಲವು ನೀಲಿಗಿಂತ ಕಪ್ಪು, ಕೆಲವು ನೀಲಿಗಿಂತ ಬಿಳುಪು ಇರಬೇಕು. ಶುರುವಿನಲ್ಲಿ ನನ್ನ ಕಣ್ಣಿನಿಂದಲೇ ಅದನ್ನು ಪರೀಕ್ಷಿಸಿಯೂ ಇದ್ದೆ, ಆದರೆ ಹೊರಗಿನ ಬಿಸಿಲಿನಿಂದ ಬಂದು, ಅವಸರದಲ್ಲಿ. ಆಮೇಲೆ ಕಚ್ಚು ಸವರಿಯೇ ಗುರುತಿಸುತ್ತಿದ್ದರಿಂದ ಕಾರ್ಡುಗಳನ್ನು ಹೋಲಿಸಿ ನೋಡಿರಲಿಲ್ಲ. ಅಂಕಿಗಳನ್ನು ಕಳಿಸುವ ಮೊದಲು ಇನ್ನೊಮ್ಮೆ ನೋಡಿಬಿಡೋಣವೆಂದು ಕಾರ್ಡುಗಳನ್ನೆಲ್ಲ ಕಲಸಿ ಅಕ್ಕನ ಮುಂದಿಟ್ಟೆ. ಅವರ ಕಣ್ಣು ಬೆಳಿಗ್ಗೆಯಿಂದ ಕತ್ತಲಲ್ಲೇ ಇತ್ತು.

"ಒಂದೇ ಹಾಗೆ ಇರುವುದನ್ನು ಒಟ್ಟಿಗೆ ಇಡಿ ಅಕ್ಕ. ಹಿಂದೆ ಮುಟ್ಟಿ ನೋಡಬೇಡಿ."

ಅವರು ನಿಧಾನವಾಗಿ ಇಡುತ್ತ ಹೋದರು. ಮುಗಿದ ಮೇಲೆ ನಾನು ಬೆರಳಿನಿಂದ ಕಚ್ಚುಗಳನ್ನು ಸವರಿದೆ. ಎಲ್ಲಕ್ಕಿಂತ ಬಿಳಿಯೆಂದು ಅವರು ಪ್ರತ್ಯೇಕವಾಗಿ ಇಟ್ಟಿದ್ದ ಗುಂಪಿನಲ್ಲಿ ಇದ್ದದ್ದೆಲ್ಲ ನೀಲಿಯೇ. ಒಂದೂ ತಪ್ಪಿರಲಿಲ್ಲ.

ನಾನೂ ಮಣೆ ಹಾಕಿ ಕೂತೆ. ಬಹಳ ಹೊತ್ತು, ಕಣ್ಣು ಪೂರ್ತಿ ಕತ್ತಲಿಗೆ ಇಳಿಯುವವರೆಗೆ. ಆಮೇಲೆ ನನಗೂ ಕಂಡಿತು. ಹಗಲಿನಲ್ಲಿ ಕೆಲವು ನೀಲಿಗಿಂತ ಬೆಳ್ಳಗೆ, ಕೆಲವು ಕಪ್ಪಗೆ ಕಾಣುತ್ತಿದ್ದ ಬೂದು ಕಾರ್ಡುಗಳು ಇಲ್ಲಿ ಹಾಗಿರಲಿಲ್ಲ. ಮಂದ ಬೆಳಕಿನಲ್ಲಿ ನೀಲಿ ಬೆಳ್ಳಗಾಗುತ್ತದೆ, ಅದು ಕಣ್ಣಿನ ಸ್ವಭಾವ, ವಿಭಾಗದ ಕಿರಿಯರಿಗೆ ನಾನೇ ಹೇಳುವ ಮಾತು. ನನ್ನ ಬೂದು ಕಾರ್ಡುಗಳಲ್ಲಿ ಅತ್ಯಂತ ತಿಳಿಯಾದದ್ದೂ ನೀಲಿಗಿಂತ ಕಪ್ಪಾಗಿತ್ತು. ಹಲ್ಲಿಗಳು ಕಲಿತದ್ದು ಬಣ್ಣವೋ ಹೊಳಪೋ, ಇನ್ನು ಹೇಳುವಂತಿಲ್ಲ. ಅಷ್ಟು ವಾರಗಳ ಕೆಲಸ ಹೋಯಿತು.

"ನಾನು ಎಂತಾದ್ರೂ ತಪ್ಪು ಮಾಡಿದೆನಾ ಟೀಚರ್?"

"ಇಲ್ಲ ಅಕ್ಕ. ಕಾರ್ಡು ಸರಿ ಇಲ್ಲ."

ಗೇಟಿನ ಹತ್ತಿರ ನಿಂತು ಫೋನು ಮಾಡಿದೆ. ಮಾರ್ಗದರ್ಶಕರು ಬೈಯಲಿಲ್ಲ. "ಹೊಸ ಕಾರ್ಡು, ಹೊಸ ಹಲ್ಲಿ, ಮೊದಲಿನಿಂದ ಮಾಡಿ. ಬೇರೆ ದಾರಿ ಇಲ್ಲ," ಎಂದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಪುತ್ತೂರಿಗೆ ಹೋಗಿ, ಪ್ರೆಸ್ಸಿನಲ್ಲಿ ಕೂತು, ಬಹುತೇಕ ಬಿಳಿಯಿಂದ ಬಹುತೇಕ ಕಪ್ಪಿನವರೆಗೆ ಬೂದು ಬಣ್ಣದ ಮೆಟ್ಟಿಲುಗಳನ್ನು ಅಚ್ಚು ಹಾಕಿಸಿದೆ. ಈ ಸಲ ಅಕ್ಕ ಮತ್ತು ನಾನು, ಇಬ್ಬರೂ ಕತ್ತಲಲ್ಲಿ ಸಾಕಷ್ಟು ಹೊತ್ತು ಕೂತೇ ಅವುಗಳನ್ನು ಒಪ್ಪಿದೆವು. ಬಾಲವಿಲ್ಲದ್ದನ್ನೂ ಉಳಿದವನ್ನೂ ಗೋಡೆಗೆ ಬಿಟ್ಟು ಹೊಸದನ್ನು ಹಿಡಿದು ತಂದೆ. ಮತ್ತೆ ಹಸಿವು, ಮತ್ತೆ ಉಪ್ಪು, ಮತ್ತೆ ಉಗುಳುವುದು.

ಹೊಸ ಹಲ್ಲಿಗಳು ಕಲಿಯಲು ಶುರುಮಾಡಿದ್ದ ದಿನಗಳಲ್ಲಿ ಒಮ್ಮೆ ಅಕ್ಕ ಮಿಡತೆ ಕೊಡುವುದನ್ನೇ ಮರೆತು ಕೂತಿದ್ದರು. ಕೇಳಿದೆ.

"ನರಿಮೊಗರಿನಲ್ಲಿ ನನ್ನ ತಂಗಿ ಮಗಳ ಸೀಮಂತ. ಎಲ್ಲರೂ ಹೋಗ್ತಾರೆ."

"ನೀವು?"

"ಹಗಲಿನ ಕಾರ್ಯಕ್ರಮ ಅಲ್ವಾ. ನಾನು ಹೋದ್ರೆ ಯಾರಾದ್ರೂ ಕೈ ಹಿಡಿದುಕೊಂಡು ನಿಲ್ಲಬೇಕು. ಅತ್ತಿಗೆಗೆ ಬೇರೆ ಕೆಲಸ ಇರ್ತದೆ. ಪರವಾಗಿಲ್ಲ, ಇಲ್ಲಿ ಬಂದು ಕೂರ್ತೇನೆ." ಅವರು ಮಿಡತೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. "ಆ ಹುಡುಗಿಯನ್ನು ಎತ್ತಿ ಆಡಿಸಿದ್ದು ನಾನೇ. ರಾತ್ರಿ ಅತ್ತರೆ ನನ್ನ ಹತ್ತಿರವೇ ಕೊಡುದು. ಕತ್ತಲಲ್ಲಿ ನನಗೆ ಸುಲಭ ಅಲ್ವಾ ಹೇಳಿ."

ನನ್ನ ಹತ್ತಿರ ಇದ್ದದ್ದು ಒಂದೇ ಕೆಂಪು ಹಾಳೆ, ಟಾರ್ಚಿಗೆ ಕಟ್ಟಿದ್ದು. ಅದನ್ನು ಕತ್ತರಿಸಿದರೆ ಇನ್ನೊಂದು ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲುತ್ತದೆ, ಕಲಿಕೆಯ ನಡುವೆ ಬಿಟ್ಟ ಹಲ್ಲಿಗಳು ಮರೆಯುತ್ತವೆ. ಅವರ ಬೆರಳು ಮುಚ್ಚಳವನ್ನು ಇನ್ನೂ ತಿರುಗಿಸುತ್ತಲೇ ಇತ್ತು. ನಾನು ಹೆಚ್ಚು ಯೋಚಿಸಲಿಲ್ಲ. ಟಾರ್ಚಿನಿಂದ ಹಾಳೆ ಬಿಚ್ಚಿದೆ. ನನ್ನ ಹಳೆಯ ಕನ್ನಡಕದ ಗಾಜು ತೆಗೆದು, ಚೌಕಟ್ಟಿಗೆ ಆ ಹಾಳೆಯನ್ನು ಎರಡು ಪದರ ಅಂಟಿಸಿ, ಬದಿಗಳಿಂದ ಬೆಳಕು ನುಗ್ಗದಂತೆ ಕಪ್ಪು ಬಟ್ಟೆಯ ಟೇಪು ಸುತ್ತಿದೆ.

"ಅಕ್ಕ, ಇದನ್ನು ಹಾಕಿ. ಹೊರಗೆ ಹೋಗೋಣ."

"ಈಗಲಾ? ಹನ್ನೆರಡು ಗಂಟೆ ಹೊತ್ತು!"

"ನಿಮ್ಮ ಕಣ್ಣಿಗೆ ಕೆಂಪು ತಾಗುವುದಿಲ್ಲ. ಬಿಸಿಲು ಕೆಂಪಿನ ಮೂಲಕ ಬಂದರೆ ನಿಮಗೆ ಉಳಿಯುವುದು ಸ್ವಲ್ಪವೇ ಬೆಳಕು. ಇಲ್ಲಿಯ ಹಾಗೆ. ನೋವಾದರೆ ಕೂಡಲೇ ಒಳಗೆ ಬರೋಣ."

ಪರದೆ ಸರಿಸಿ ಬಾಗಿಲು ತೆರೆದೆ. ಅಕ್ಕ ಹೊಸ್ತಿಲಲ್ಲಿ ನನ್ನ ತೋಳು ಹಿಡಿದು, ತಲೆ ತಗ್ಗಿಸಿ, ಅಭ್ಯಾಸದಿಂದ ಕಣ್ಣು ಬಿಗಿಯಾಗಿ ಮುಚ್ಚಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅವರ ಹಿಡಿತ ಸಡಿಲವಾಯಿತು. ಕೆಳಗೆ ನೋಡುತ್ತಿದ್ದರು.

"ಟೀಚರ್, ನೆಲದಲ್ಲಿ ಇದು ಎಂತ? ಕಪ್ಪು?"

"ನಿಮ್ಮ ನೆರಳು."

ಅವರು ಕಾಲು ಎತ್ತಿ ಇಟ್ಟರು. ಕೈ ಚಾಚಿದರು, ಮಡಚಿದರು. ಆಮೇಲೆ ತಲೆ ಎತ್ತಿ ತೋಟದ ಕಡೆ ನೋಡಿದರು. ರಬ್ಬರ್ ಮರಗಳ ಸಾಲು, ಒಂದೊಂದು ಮರದ ಬುಡದಲ್ಲೂ ಹಾಲು ಹಿಡಿಯಲು ಕಟ್ಟಿದ ಗೆರಟೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ.

"ಎಲ್ಲದಕ್ಕೂ ಒಂದೊಂದು ಉಂಟು!" ಎಂದರು. "ಮರಕ್ಕೂ ಉಂಟು, ಬಟ್ಟೆಗೂ ಉಂಟು. ಹಗಲು ಅಂದ್ರೆ ಬರೀ ಬಿಳಿ ಅಂತ ಇದ್ದೆ ನಾನು. ಇಷ್ಟೆಲ್ಲ ಉಂಟಾ ಇದರ ಒಳಗೆ?"

ಅತ್ತಿಗೆ ಬಟ್ಟೆ ಮಡಚಲು ಬಂದವರು, ನಾದಿನಿ ನಡು ಅಂಗಳದಲ್ಲಿ ಯಾರ ಕೈಯನ್ನೂ ಹಿಡಿಯದೆ ನಿಂತದ್ದನ್ನು ಕಂಡು ಬಕೆಟ್ಟು ಕೆಳಗಿಟ್ಟರು. "ಅಯ್ಯೋ ದೇವರೇ," ಎಂದು ಅಲ್ಲೇ ಕೂತುಬಿಟ್ಟರು.

ಕಣ್ಣಿನ ಡಾಕ್ಟರಿಗೆ ತೋರಿಸೋಣವೆಂದರೆ ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. "ಸಣ್ಣದರಲ್ಲಿ ಅಪ್ಪ ಮಂಗಳೂರಿಗೆ ಕರ್ಕೊಂಡು ಹೋಗಿದ್ರು ಮೇಡಂ. ಕಪ್ಪು ಕನ್ನಡಕ ಕೊಟ್ರು. ಅದು ಹಾಕಿದ್ರೂ ಆಗ್ಲಿಲ್ಲ, ಮಕ್ಕಳು ನಗಾಡಿದ್ದೇ ಬಂತು. ಇನ್ನು ಈ ಪ್ರಾಯದಲ್ಲಿ ಎಂತಕ್ಕೆ?" ಅಕ್ಕ ಒಳಗಿನಿಂದಲೇ ಹೇಳಿದರು: "ನಾನು ಹೋಗ್ತೇನೆ ಅಣ್ಣ." ಆ ಮನೆಯಲ್ಲಿ ಅವರು ಧ್ವನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸುಳ್ಯದಲ್ಲಿ ಕಣ್ಣಿನ ಡಾಕ್ಟರು ತಾಳ್ಮೆಯಿಂದ ನೋಡಿದರು. ಕತ್ತಲಲ್ಲಿ, ಬೆಳಕಿನಲ್ಲಿ, ಒಂದೊಂದೇ ಕೆಂಪು ಗಾಜು ಬದಲಿಸುತ್ತ. ಅಪ್ಪ ಅಮ್ಮ ಸಂಬಂಧಿಕರೇ ಎಂದು ಕೇಳಿದರು. ಹೌದು, ಸೋದರಮಾವನನ್ನೇ ಅಮ್ಮ ಮದುವೆಯಾದದ್ದು ಎಂದರು ಯಜಮಾನರು.

"ನೋಡಿ ಅಮ್ಮ," ಎಂದರು ಡಾಕ್ಟರು, "ಇದು ಹಾಕಿದ್ರೆ ಬಣ್ಣ ಬರುದಿಲ್ಲ. ದೂರದ ಅಕ್ಷರವೂ ಕಾಣುದಿಲ್ಲ. ಬಿಸಿಲಿನಲ್ಲಿ ಕಣ್ಣು ತೆರೆಯಲಿಕ್ಕೆ ಆಗ್ತದೆ, ಅಷ್ಟೇ."

"ಅಷ್ಟು ಸಾಕು," ಎಂದರು ಅಕ್ಕ.

ಕಾರಿಡಾರಿನಲ್ಲಿ ಕಾಯುವಾಗ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಹಲ್ಲಿ ಕತ್ತಲಿನ ಕಣ್ಣು ಕಳೆದುಕೊಂಡು ಹಗಲಿನ ಕಣ್ಣನ್ನೇ ರಾತ್ರಿಗೆ ಮಾಡಿಕೊಂಡಿತು ಎಂದು ನಾನು ಹಿಂದೊಮ್ಮೆ ಹೇಳಿದ್ದೆ. "ಅದಕ್ಕೆ ಎಷ್ಟು ಕಾಲ ಬೇಕಾಯ್ತು?"

"ಕೋಟಿಗಟ್ಟಲೆ ವರ್ಷ ಅಕ್ಕ."

"ಹಾಗಾದ್ರೆ ಒಂದು ಹಲ್ಲಿಗೆ ಆದದ್ದಲ್ಲ. ಅದರ ಪೈಕಿಯವಕ್ಕೆ ಎಷ್ಟೋ ತಲೆಮಾರಿಗೆ ಆದದ್ದು." ಅವರು ಕೈಯಲ್ಲಿದ್ದ ಚೀಟಿಯನ್ನು ಮಡಚಿದರು. "ಒಂದು ಹಲ್ಲಿಗೆ ಅಂತ ಯಾರೂ ಮಾಡುದಿಲ್ಲ."

ಸರಿಯಾದ ಕನ್ನಡಕ ಬರುವವರೆಗೆ ನಾನು ಅಂಟಿಸಿದ್ದನ್ನೇ ಹಾಕಿಕೊಂಡು ಅವರು ನರಿಮೊಗರಿನ ಸೀಮಂತಕ್ಕೆ ಹೋಗಿಬಂದರು. ಬಸುರಿಯ ಪಕ್ಕದಲ್ಲೇ ಕೂತಿದ್ದರಂತೆ. ಕನ್ನಡಕ ಬಂದ ಮೇಲೆ ಕೊಯಿಲಕ್ಕೆ ಹೋದರು, ಅತ್ತಿಗೆಯ ಜೊತೆ. ಮರುದಿನ ಹೊಗೆಮನೆಗೆ ಬಂದು, ಕೂರದೆ, ಬಾಗಿಲ ಹತ್ತಿರ ನಿಂತೇ ಹೇಳಿದರು. "ಆನೆಯಷ್ಟೇನೂ ದೊಡ್ಡ ಇಲ್ಲ ಟೀಚರ್. ಮಕ್ಕಳು ಸುಳ್ಳು ಹೇಳಿದ್ದು. ಆದ್ರೆ ಒಂದು ಹಸು ನನ್ನ ಕೈ ನೆಕ್ಕಿತು. ಬಿಸಿಲಿನಲ್ಲಿ, ನಾನು ನೋಡ್ತಾ ಇದ್ದ ಹಾಗೆಯೇ." ಮಣೆ ಮೂಲೆಯಲ್ಲಿತ್ತು. ನಾನು ಅದರ ಕಡೆ ನೋಡಿದೆ. "ನಾಳೆ ಬರ್ತೇನೆ," ಎಂದರು. "ಇವತ್ತು ಪೇಟೆಗೆ ಹೋಗ್ಲಿಕ್ಕೆ ಉಂಟು."

ಮರುದಿನ ಬರಲಿಲ್ಲ. ಆಮೇಲೆ ಮಹಿಳಾ ಸಂಘದ ಸಭೆ, ನೆರೆಮನೆಯವರ ಜೊತೆ ಸಂತೆ, ಪುತ್ತೂರಿನಲ್ಲಿ ಬಳೆ. ಹಗಲೆಲ್ಲ ತಿರುಗಿ, ರಾತ್ರಿ ಬೇಗ ಮಲಗುತ್ತಿದ್ದರು. ಸಂಜೆ ಅಂಗಳ ಗುಡಿಸುವುದು ಅತ್ತಿಗೆಯ ಕೆಲಸವಾಯಿತು.

ಹೊಸ ಕೆಂಪು ಹಾಳೆ ಬಂತು. ಹಲ್ಲಿಗಳು ನಾನು ಹೆದರಿದಂತೆಯೇ ಅರ್ಧ ಮರೆತಿದ್ದವು. ಮತ್ತೆ ಕಲಿಸಿದೆ, ಒಬ್ಬಳೇ. ಒಂದು ಕೈಯಲ್ಲಿ ಎರಡು ಚಿಮಟ ಹಿಡಿಯುವ ಉಪಾಯ ಕಂಡುಕೊಂಡೆ. ಮಿಡತೆ ಹಾರಿದರೆ ಹುಡುಕುವುದಕ್ಕೇ ಅರ್ಧ ಹಗಲು. ಒಂದೆರಡು ಸಲ, "ಅಕ್ಕ, ಮುಚ್ಚಳ," ಎಂದು ಬಾಯಿತಪ್ಪಿ ಹೇಳಿ, ಮಸಿ ಹಿಡಿದ ಗೋಡೆಯ ಕಡೆ ತಿರುಗಿದ್ದೂ ಇದೆ. ಅವರು ಬರಲಿ ಎಂದು ಆಸೆಪಡುವುದು ಹೇಗೆ? ಬಂದರೆ ಅದು ಒಂದು ಹಗಲನ್ನು ಬಿಟ್ಟು ಬಂದ ಹಾಗೆ.

ಕೊನೆಗೆ ಫಲಿತಾಂಶ ಬಂತು. ಬೂದು ಬೆಳ್ಳಗಿರಲಿ, ಕಪ್ಪಗಿರಲಿ, ಹಲ್ಲಿಗಳು ನೀಲಿಯನ್ನೇ ಆರಿಸಿದವು, ದಿನದಿಂದ ದಿನಕ್ಕೆ ಸ್ಪಷ್ಟವಾಗಿ. ಒಂದೆರಡು ಕಲಿಯಲೇ ಇಲ್ಲ, ಹಾಗೂ ಇರುತ್ತದೆ. ನನಗೆ ಬಣ್ಣವೇ ಕಾಣದ ಆ ಬೆಳಕಿನಲ್ಲಿ, ಅಂಗೈಗಿಂತ ಸಣ್ಣ ಪ್ರಾಣಿಯೊಂದು ನೀಲಿಯನ್ನು ನೋಡಿ ತಲೆ ತಿರುಗಿಸುತ್ತಿತ್ತು. ಕೊನೆಯ ಹಲ್ಲಿಯ ಕೊನೆಯ ಸರದಿ ಮುಗಿದಾಗ ನಾನು ಚಿಮಟ ತೊಳೆದು ಕೆಳಗಿಟ್ಟೆ. ಆಮೇಲೆ ಗೇಟಿಗೆ ಹೋಗಿ ಮಾರ್ಗದರ್ಶಕರಿಗೆ ತಿಳಿಸಿದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು, ಬಹಳ ಹೊತ್ತು ಮಾತಾಡಿದರು. ಆದರೆ ಮೊದಲು ಹೇಳಬೇಕೆಂದಿದ್ದದ್ದು ಅವರಿಗಲ್ಲ.

ಹಲ್ಲಿಗಳನ್ನು ಹಿಡಿದ ಗೋಡೆಗಳಿಗೇ ಬಿಟ್ಟೆ. ಗಾಜಿನ ಪೆಟ್ಟಿಗೆಗಳನ್ನು ತೊಳೆದು, ಹಳೆಯ ಸೀರೆಗಳಲ್ಲಿ ಸುತ್ತಿ ಜೀಪಿನಲ್ಲಿ ಇಟ್ಟಾಯಿತು. ಯಜಮಾನರು ರಬ್ಬರ್ ಹಾಲಿನ ಕ್ಯಾನು ಕೊಡಲು ಹೋಗಿದ್ದರು. ಹೊರಡುವ ಮೊದಲು ನಾನು ಮನೆಯ ಮುಂದೆ ನಿಂತು ಅಕ್ಕನನ್ನು ಕೂಗಿದೆ. ಮೊದಲು ಸದಾ ಮುಚ್ಚಿರುತ್ತಿದ್ದ ಅವರ ಕೋಣೆಯ ಕಿಟಕಿ ತೆರೆದಿತ್ತು, ಒಳಗೆ ಮಂಚದ ಮೇಲೆ ಬಿಸಿಲು ಬಿದ್ದಿತ್ತು.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇಲ್ಲ ಮಾರಾಯ್ರೆ, ಬೆಳಿಗ್ಗೆಯೇ ಹೋಗಿದ್ದಾಳೆ. ಎಲ್ಲಿಗೆ ಅಂತ ಹೇಳ್ಲಿಲ್ಲ. ನೀವು ಇವತ್ತು ಹೊರಡುದು ಅಂತ ಅವಳಿಗೆ ಗೊತ್ತುಂಟಾ?"

ಹೇಳಿರಲಿಲ್ಲ. ಹೇಳಲು ಅವರು ಸಿಕ್ಕಿರಲಿಲ್ಲ.

"ಸಂಜೆವರೆಗೆ ಕೂತ್ಕೊಳ್ಳಿ ಹಾಗಾದ್ರೆ. ಊಟ ಮಾಡಿ. ಹಗಲು ಅವಳು ಮನೆಯಲ್ಲಿ ಸಿಗುದೇ ಇಲ್ಲ ಈಗ."

ಜೀಪಿನವನಿಗೆ ಹೊತ್ತಾಗುತ್ತಿತ್ತು. ನಾನು ಹೊಗೆಮನೆಯ ಕೀಲಿಯನ್ನು ಅತ್ತಿಗೆಯ ಕೈಗೆ ಕೊಟ್ಟು, ಗಾಜಿನ ಪೆಟ್ಟಿಗೆಗಳ ಪಕ್ಕದಲ್ಲಿ ಕೂತೆ. ಕೆಂಪು ಕನ್ನಡಕವೊಂದು ಕಂಡೀತೇ ಎಂದು ಪೇಟೆಯವರೆಗೂ ದಾರಿಯ ಎರಡು ಬದಿ ನೋಡುತ್ತಲೇ ಹೋದೆ.